‘ಡೌಟ್’ ಪದದ ಜಾಡು ಹಿಡಿದು: ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ವಿಮರ್ಶೆ

ಕೆಲವು ವರ್ಷಗಳ ಹಿಂದೆ, ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಸಹಕಾರ ಸಂಘವೊಂದರಲ್ಲಿ ದಾಸ್ತಾನು ಪುಸ್ತಕದ ಅಂಕಿಗಳನ್ನು ಯಾರೋ ತಿದ್ದಿರುವುದು ಕಂಡುಬಂದಾಗ, ಹೊರಗಿನ ಲೆಕ್ಕ ಪರಿಶೋಧಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ‘ಗೋದಾಮಿನ ಗುಮಾಸ್ತರೇ ಇದನ್ನು ಮಾಡಿರಬಹುದೆಂಬ ಅನುಮಾನ ನಮಗಿದೆ’ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು. ಕಾಗದದ ಮೇಲೆ ಇಳಿದದ್ದು ‘ವಿ ಡೌಟ್ ದಟ್ ದ ಕ್ಲರ್ಕ್ ಹ್ಯಾಸ್ ಡನ್ ದಿಸ್’ ಎಂಬ ವಾಕ್ಯ. ಪರಿಶೋಧಕರು ಅದನ್ನು ‘ಗುಮಾಸ್ತರು ಮಾಡಿರಲಾರರು’ ಎಂದೇ ಓದಿಕೊಂಡು, ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ ಕರೆದು ವಿಚಾರಿಸಿದರು. ಪತ್ರದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಆದರೆ ಅರ್ಥ ಪೂರ್ತಿ ತಿರುವುಮುರುವಾಗಿತ್ತು.

ಆಗ ನನ್ನ ಮೇಜಿನ ಮೇಲಿದ್ದ ಪುಟ್ಟ ಇಂಗ್ಲಿಷ್–ಕನ್ನಡ ನಿಘಂಟನ್ನು ತೆರೆದು ನೋಡಿದೆ. ‘ಡೌಟ್’ ಎಂಬುದರ ಮುಂದೆ ‘ಸಂಶಯ, ಸಂದೇಹ, ಅನುಮಾನ, ಶಂಕೆ’ ಎಂದಿತ್ತು; ‘ಸಸ್ಪೆಕ್ಟ್’ ಎಂಬುದರ ಮುಂದೆಯೂ ಹೆಚ್ಚುಕಡಿಮೆ ಅವೇ ಪದಗಳಿದ್ದವು. ನಾನು ಎಡವಿದ್ದು ಅಲ್ಲಿಯೇ ಎಂದು ತಿಳಿದ ಮೇಲೆ ಕೊಂಡುಕೊಂಡದ್ದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ. ಅದನ್ನು ಅಂದಿನಿಂದ ಪ್ರತಿದಿನ ಬಳಸುತ್ತಿರುವವನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ನಿಘಂಟು ಹುಟ್ಟಿದ್ದೇ ಇಂಗ್ಲಿಷ್ ಮನೆಮಾತಲ್ಲದವರಿಗಾಗಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಹೋದ್ಯೋಗಿಗಳಾದ ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಅವರೊಡನೆ ಸಿದ್ಧಪಡಿಸಿದ ಕೃತಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಹೊರತಂದಿತು. 2020ರಲ್ಲಿ ಹತ್ತನೆಯ ಆವೃತ್ತಿ ಬಂದಿತು. ಒಂದು ಕ್ರಿಯಾಪದದ ಅರ್ಥ ತಿಳಿದರೆ ಸಾಲದು, ಅದರ ಹಿಂದೆ ಮುಂದೆ ಯಾವ ಪದ ಕೂಡುತ್ತದೆ ಎಂಬುದೂ ತಿಳಿಯಬೇಕು ಎಂಬ ಹಾರ್ನ್‌ಬಿಯವರ ಕಾಳಜಿ ಇಂದಿಗೂ ಪ್ರತಿ ನಮೂದಿನಲ್ಲಿ ಕಾಣುತ್ತದೆ.

‘ಡೌಟ್’ ನಮೂದನ್ನೇ ನೋಡೋಣ. ಕ್ರಿಯಾಪದವಾಗಿ ಅದರ ಅರ್ಥ, ಒಂದು ಸಂಗತಿಯ ಬಗ್ಗೆ ಖಚಿತವಿಲ್ಲದಿರುವುದು, ಅದು ನಿಜವಲ್ಲವೆಂದೋ ನಡೆಯಲಾರದೆಂದೋ ಅನಿಸುವುದು. ‘ಸಸ್ಪೆಕ್ಟ್’ ಎಂಬಲ್ಲಿಗೆ ಹೋದರೆ, ಗಟ್ಟಿ ಪುರಾವೆ ಇಲ್ಲದಿದ್ದರೂ ಒಂದು ಸಂಗತಿ, ಅದರಲ್ಲೂ ಕೆಟ್ಟದ್ದು, ಬಹುಶಃ ನಿಜವಿರಬೇಕೆಂದು ಅನಿಸುವುದು ಎಂಬ ವಿವರಣೆ ಸಿಗುತ್ತದೆ. ಮೊದಲನೆಯದರಲ್ಲಿ ಮನಸ್ಸು ‘ಇಲ್ಲ’ದ ಕಡೆಗೆ ವಾಲುತ್ತದೆ, ಎರಡನೆಯದರಲ್ಲಿ ‘ಹೌದು’ ಎಂಬುದರ ಕಡೆಗೆ. ನನ್ನ ಪತ್ರದಲ್ಲಿ ಇರಬೇಕಾಗಿದ್ದದ್ದು ಎರಡನೆಯ ಪದ. ಬಹುಪಾಲು ವಿವರಣೆಗಳನ್ನು ಸುಮಾರು 3000 ಸಾಮಾನ್ಯ ಪದಗಳ ಮಿತಿಯೊಳಗೆ ಬರೆದಿರುವುದರಿಂದ, ಒಂದು ಪದದ ಅರ್ಥ ತಿಳಿಯಲು ಇನ್ನೂ ನಾಲ್ಕು ಪದಗಳನ್ನು ಹುಡುಕುವ ಪಾಡು ಓದುಗನಿಗೆ ಬರುವುದಿಲ್ಲ.

ಈ ಅಂತರ ಗೊತ್ತಾದ ಮೇಲೆ ನನಗೆ ನಮ್ಮ ಮಾತುಗಳ ಕಡೆಗೂ ಹೊಸದಾಗಿ ಗಮನ ಹೋಯಿತು. ತರ್ಕಶಾಸ್ತ್ರದಲ್ಲಿ ‘ಅನುಮಾನ’ ಎಂದರೆ ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆಯೆಂದು ಊಹಿಸಿ ತಿಳಿಯುವುದು. ಅದು ‘ಹೌದು’ ಎಂಬ ನಿರ್ಣಯದ ಕಡೆಗೆ ಸಾಗುವ ನಡೆ. ‘ಸಂಶಯ’ವೆಂದರೆ ಮಬ್ಬುಗತ್ತಲಿನಲ್ಲಿ ಕಂಡದ್ದು ಕಂಬವೋ ಮನುಷ್ಯನೋ ಎಂದು ಎರಡರ ನಡುವೆ ಹೊಯ್ದಾಡುವುದು. ಶಾಸ್ತ್ರದ ಅರ್ಥವನ್ನೇ ಹಿಡಿದರೆ ‘ಡೌಟ್’ ಸಂಶಯಕ್ಕೆ ಹತ್ತಿರ, ‘ಸಸ್ಪೆಕ್ಟ್’ ಅನುಮಾನಕ್ಕೆ ಹತ್ತಿರ. ಇಂದಿನ ಬಳಕೆಯಲ್ಲಿ ನಾವು ಎರಡನ್ನೂ ಬೆರೆಸಿಬಿಟ್ಟಿದ್ದೇವೆ. ನನ್ನ ಪ್ರತಿಯ ಅಂಚಿನಲ್ಲಿ, ಒಂದು ಪದದ ಪಕ್ಕ ‘ಕಂಬವೋ ಮನುಷ್ಯನೋ’ ಎಂದೂ ಇನ್ನೊಂದರ ಪಕ್ಕ ‘ಹೊಗೆ, ಬೆಂಕಿ’ ಎಂದೂ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ.

ಕನ್ನಡಕ್ಕೆ ಬಂದು ನೆಲೆಸಿರುವ ‘ಡೌಟು’ ಈ ಗೊಂದಲಕ್ಕೆ ಇನ್ನಷ್ಟು ನೀರೆರೆಯುತ್ತದೆ. ‘ಇವತ್ತು ಮಳೆ ಬರೋದು ಡೌಟು’ ಎಂದಾಗ ನಾವು ಇಂಗ್ಲಿಷಿನ ಅರ್ಥಕ್ಕೆ ತಪ್ಪದೆ ನಡೆದುಕೊಂಡಿರುತ್ತೇವೆ. ‘ನಂಗೆ ಅವನ ಮೇಲೇ ಡೌಟು’ ಎಂದಾಗ ಹೇಳುತ್ತಿರುವುದು ‘ಸಸ್ಪೆಕ್ಟ್’ ಎಂಬುದನ್ನು. ‘ಸಾರ್, ಒಂದು ಡೌಟು’ ಎಂದು ತರಗತಿಯಲ್ಲಿ ಕೈಯೆತ್ತುವ ಹುಡುಗಿಗೆ ಇರುವುದು ಒಂದು ಪ್ರಶ್ನೆ ಮಾತ್ರ. ಅದನ್ನೇ ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದರೆ ಭಾರತದ ಮೇಷ್ಟ್ರಿಗೆ ತಕ್ಷಣ ಅರ್ಥವಾಗುತ್ತದೆ, ಹೊರದೇಶದ ಮೇಷ್ಟ್ರಿಗೆ ತಾವು ಹೇಳಿದ್ದನ್ನು ಈಕೆ ನಂಬುತ್ತಿಲ್ಲವೇನೋ ಎನಿಸಬಹುದು. ಓದಲೆಂದು ಪರದೇಶಕ್ಕೆ ಹೋಗುವ ನಮ್ಮ ಮಕ್ಕಳಿಗೆ ‘ಐ ಹ್ಯಾವ್ ಎ ಕ್ವೆಶ್ಚನ್’ ಎಂಬುದನ್ನು ರೂಢಿ ಮಾಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನನ್ನನ್ನು ಅತಿ ಹೆಚ್ಚು ತಿದ್ದಿದ್ದು ‘ನೋ ಡೌಟ್’ ಎಂಬ ಪದಗುಚ್ಛದ ವಿವರಣೆ. ಅದನ್ನು ‘ನಿಸ್ಸಂದೇಹವಾಗಿ’ ಎಂದು ನೇರ ಅನುವಾದಿಸಿಕೊಂಡು ದಶಕಗಳ ಕಾಲ ಬಳಸಿದ್ದೆ. ನಿಘಂಟು ಅದಕ್ಕೆ ಕೊಡುವ ಮೊದಲ ಅರ್ಥ, ಒಂದು ಸಂಗತಿ ನಡೆಯುವ ಸಂಭವವಿದೆ ಎಂದು ಹೇಳುವಾಗಿನ ಬಳಕೆ. ಎಂದರೆ ನಮ್ಮ ‘ಬಹುಶಃ’, ‘ಇದ್ದೀತು’ ಎಂಬಷ್ಟು ಮೆತ್ತಗಿನದು. ಖಡಾಖಂಡಿತವಾಗಿ ಹೇಳಬೇಕಾದಲ್ಲಿ ‘ವಿದೌಟ್ ಡೌಟ್’ ಅಥವಾ ‘ಬಿಯಾಂಡ್ ಡೌಟ್’ ಹೆಚ್ಚು ಗಟ್ಟಿ. ‘ಸಂಶಯದ ಲಾಭ ನೀಡಿ ಖುಲಾಸೆ’ ಎಂದು ನಮ್ಮ ಪತ್ರಿಕೆಗಳು ಬರೆಯುವ ಮಾತಿನ ಮೂಲವಾದ ‘ಬೆನಿಫಿಟ್ ಆಫ್ ದ ಡೌಟ್’ ಕೂಡ ಈ ನಿಘಂಟಿನಲ್ಲಿದೆ. ಕಾಗುಣಿತದಲ್ಲಿರುವ ‘ಬಿ’ ಅಕ್ಷರವನ್ನು ಉಚ್ಚರಿಸುವುದಿಲ್ಲ; ಫ್ರೆಂಚಿನಿಂದ ಬಂದಾಗ ಪದದಲ್ಲಿ ಅದು ಇರಲೇ ಇಲ್ಲ, ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಪಂಡಿತರು ಆಮೇಲೆ ಸೇರಿಸಿದರು.

ಈ ನಿಘಂಟಿನಲ್ಲಿ ಕನ್ನಡವಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಇಂಗ್ಲಿಷ್ ವಾಕ್ಯಗಳನ್ನು ತಡವರಿಸದೆ ಓದಬಲ್ಲವರಿಗೆ ಮಾತ್ರ ಇದು ಒದಗುತ್ತದೆ. ಹೈಸ್ಕೂಲಿನ ಆರಂಭದಲ್ಲಿರುವ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಇದನ್ನು ಮೊದಲ ನಿಘಂಟಾಗಿ ಕೊಡುವುದು ಅವರಿಗೆ ಭಾರವಾದೀತು. ಕನ್ನಡಿಗರು ಯಾವ ಪದದಲ್ಲಿ ಎಡವುತ್ತಾರೆಂಬುದನ್ನು ಲೋಕದ ಎಲ್ಲರಿಗಾಗಿ ಬರೆದ ಪುಸ್ತಕ ಹೇಳಲಾರದು, ಅದನ್ನು ನಾವೇ ಕಂಡುಕೊಳ್ಳಬೇಕು. ಆದುದರಿಂದ ಇಂಗ್ಲಿಷ್–ಕನ್ನಡ ನಿಘಂಟನ್ನು ಬದಿಗೆ ಸರಿಸದೆ, ಮೊದಲು ಅದರಲ್ಲಿ ಪದದ ಸುತ್ತಳತೆಯನ್ನು ನೋಡಿ, ಆಮೇಲೆ ಇದರಲ್ಲಿ ಪ್ರಯೋಗವನ್ನು ನೋಡುವುದು ನನ್ನ ಕ್ರಮ.

ಅಚ್ಚಿನ ಪ್ರತಿ ಸಾವಿರದ ಐನೂರಕ್ಕೂ ಹೆಚ್ಚು ಪುಟಗಳದು, ಒಂದೇ ಕೈಯಲ್ಲಿ ಹಿಡಿದು ಓದುವಂಥದ್ದಲ್ಲ. ದುಡ್ಡು ಹಾಕುವ ಮೊದಲು, ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್ ಜಾಲತಾಣದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆಯೊಂದಿಗೆ ಉಚಿತವಾಗಿ ಸಿಗುವ ನಮೂದುಗಳನ್ನು ಒಂದು ವಾರ ಬಳಸಿ ನೋಡಿ. ಉಚ್ಚಾರಣೆ ಕೇಳಲು ನಾನು ಇಂದಿಗೂ ಜಾಲತಾಣಕ್ಕೇ ಹೋಗುತ್ತೇನೆ. ಪತ್ರ ಬರೆಯಲು ಕುಳಿತಾಗ ಮಾತ್ರ ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿರುವ ಆ ದಪ್ಪ ಪ್ರತಿಯೇ ಬೇಕಾಗುತ್ತದೆ.