ಪಲ್ಸರ್ 220ಕ್ಕೆ ಹೊಸ ಬ್ಯಾಟರಿ: ಕಂಪನಿಗಿಂತ ಮೊದಲು ತಯಾರಿಕೆಯ ತಿಂಗಳು ನೋಡಿ

ಬಜಾಜ್ ಪಲ್ಸರ್ 220ಕ್ಕೆ ಕಿಕ್ಕರ್ ಇಲ್ಲ. ಬ್ಯಾಟರಿ ಕೈಕೊಟ್ಟರೆ ಒಂದೂವರೆ ಕ್ವಿಂಟಾಲಿಗೂ ಮಿಕ್ಕಿದ ಗಾಡಿಯನ್ನು ತಳ್ಳಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸಬೇಕಾಗುತ್ತದೆ. ಹೀಗಾಗಿ ಈ ಗಾಡಿಯವರು ಬ್ಯಾಟರಿಯನ್ನು ಸಾಯುವವರೆಗೂ ಓಡಿಸದೆ, ಸೆಲ್ಫ್ ಒತ್ತಿದಾಗ ಇಂಜಿನ್ ತಿರುಗುವ ಬದಲು ರಿಲೇ ಕಟಕಟ ಎನ್ನತೊಡಗಿದ ಕೂಡಲೇ ಬದಲಿಸುವುದು ಒಳ್ಳೆಯದು. ನಾನು ಕೊನೆಗೆ ಕೊಂಡದ್ದು ಅಮರಾನ್ ಪ್ರೋ ಬೈಕ್ ರೈಡರ್ ಸರಣಿಯ 12 ವೋಲ್ಟ್, 9 ಆಂಪಿಯರ್-ಅವರ್ ಬ್ಯಾಟರಿ. ಒಂದು ಮಳೆಗಾಲ ಕಳೆದ ಮೇಲೂ ಬೆಳಗಿನ ಮೊದಲ ಒತ್ತಿಗೇ ಇಂಜಿನ್ ಏಳುತ್ತಿದೆ. ಆದರೆ ಅದರ ಶ್ರೇಯಸ್ಸನ್ನೆಲ್ಲ ಕಂಪನಿಯ ಹೆಸರಿಗೇ ಕೊಡಲು ನಾನು ಸಿದ್ಧನಿಲ್ಲ.

ಅಂಗಡಿಗೆ ಹೋಗುವ ಮೊದಲು, ಹಾಳಾಗಿರುವುದು ಬ್ಯಾಟರಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿ ಸುಮಾರು 12.8 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಈ ಅಂಕಿಯನ್ನು ಮಾತ್ರ ನಂಬಿದರೆ ಮೋಸಹೋಗುತ್ತೇವೆ, ಏಕೆಂದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡ ಬ್ಯಾಟರಿಯೂ ಸುಮ್ಮನಿರುವಾಗ ಮರ್ಯಾದಸ್ಥ ವೋಲ್ಟೇಜನ್ನೇ ತೋರಿಸಿ, ಸೆಲ್ಫ್ ಒತ್ತಿದ ಕ್ಷಣ ಕುಸಿದುಬೀಳುತ್ತದೆ. ನನ್ನ ಹಳೆಯ ಬ್ಯಾಟರಿ ಮಾಡಿದ್ದೂ ಅದನ್ನೇ: ನಿಂತಾಗ 12.4, ಸೆಲ್ಫ್ ಒತ್ತಿದಾಗ 8ಕ್ಕಿಂತ ಕೆಳಗೆ. ಹೀಗೆ ಒತ್ತಿದಾಗ ಸುಮಾರು 9.6ಕ್ಕಿಂತ ಇಳಿಯಬಾರದು ಎಂಬುದು ಮೆಕ್ಯಾನಿಕ್‌ಗಳು ಅನುಸರಿಸುವ ಲೆಕ್ಕ. ಇನ್ನು ಇಂಜಿನ್ ಓಡುತ್ತಿರುವಾಗ, ಸ್ವಲ್ಪ ಆಕ್ಸಲರೇಟರ್ ಕೊಟ್ಟರೆ, ಟರ್ಮಿನಲ್‌ಗಳ ನಡುವೆ 13.8ರಿಂದ 14.5ರವರೆಗೆ ಬರಬೇಕು. 13ನ್ನೂ ದಾಟದಿದ್ದರೆ ಚಾರ್ಜಿಂಗ್ ಆಗುತ್ತಿಲ್ಲ, 15ನ್ನು ಮೀರುತ್ತಿದ್ದರೆ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ಆರ್.ಆರ್. (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ ಕೆಟ್ಟಿದೆ. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಕೆಲವೇ ತಿಂಗಳಲ್ಲಿ ಅದನ್ನೂ ಬೇಯಿಸಿಹಾಕುತ್ತದೆ, ಆಮೇಲೆ ಬೈಗುಳ ತಿನ್ನುವುದು ಬ್ಯಾಟರಿ ಕಂಪನಿ.

ಅಳತೆಯ, ಅಂದರೆ ಆಂಪಿಯರ್-ಅವರ್ ಸಾಮರ್ಥ್ಯದ, ವಿಷಯದಲ್ಲಿ ಗಾಡಿಯ ಜೊತೆ ಬಂದ ಪುಸ್ತಕ ಹೇಳಿದ್ದೇ ಅಂತಿಮ. ಗೂಡಿಗೆ ಸಲೀಸಾಗಿ ಕೂರುತ್ತದೆಂದು, ನಾಲ್ಕು ಕಾಸು ಉಳಿಯುತ್ತದೆಂದು 9ರ ಜಾಗಕ್ಕೆ 7 ಹಾಕಿಸಿಕೊಂಡವರ ಗಾಡಿ ಬೇಸಿಗೆಯಲ್ಲಿ ಓಡಿ ಚಳಿಗಾಲದ ಬೆಳಿಗ್ಗೆ ಮೊಂಡುಹಿಡಿಯುತ್ತದೆ. ಟರ್ಮಿನಲ್‌ಗಳ ದಿಕ್ಕನ್ನೂ ನೋಡಬೇಕು. ಮಾದರಿ ಸಂಖ್ಯೆಯ ಕೊನೆಯಲ್ಲಿ ಬರುವ ಎಲ್ ಅಥವಾ ಆರ್ ಅಕ್ಷರ ಪಾಸಿಟಿವ್ ಯಾವ ಪಕ್ಕಕ್ಕಿದೆ ಎಂಬುದನ್ನು ಗುರುತಿಸಲು ಇರುವಂಥದ್ದು. ಅದು ಅದಲುಬದಲಾದರೆ ಗಾಡಿಯ ಗಿಡ್ಡ ವೈರುಗಳು ಟರ್ಮಿನಲ್ಲನ್ನು ಮುಟ್ಟುವುದೇ ಇಲ್ಲ.

ಮೊದಲು ವಿಚಾರಿಸಿದ್ದು ಮನೆಯ ಹತ್ತಿರದ ಅಂಗಡಿಯೊಂದರಲ್ಲಿ. ಕೊಟ್ಟ ಬ್ಯಾಟರಿಯ ಮೇಲಿನ ತಯಾರಿಕೆಯ ತಿಂಗಳು ಹೆಚ್ಚುಕಡಿಮೆ ಒಂದು ವರ್ಷ ಹಿಂದಿನದು. ಅದನ್ನು ತೋರಿಸಿದಾಗ, ಸೀಲ್ ಆದ ಮಾಲು, ಕೆಡುವ ಪ್ರಶ್ನೆಯೇ ಇಲ್ಲ ಎಂಬ ಉತ್ತರ ಬಂತು. ಇದು ಅರ್ಧಸತ್ಯ. ವಿ.ಆರ್.ಎಲ್.ಎ. ಎಂಬ ಈ ಸೀಲ್ ಆದ ಬಗೆಯ ಬ್ಯಾಟರಿಗೆ ಆಸಿಡ್, ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವಿಲ್ಲ, ನಿಜ. ಆದರೆ ಕಾರ್ಖಾನೆಯಿಂದ ಚಾರ್ಜ್ ಆಗಿಯೇ ಹೊರಡುವ ಅದು ಶೆಲ್ಫಿನ ಮೇಲೆ ಕುಳಿತಲ್ಲೇ ತಿಂಗಳು ತಿಂಗಳು ಚಾರ್ಜ್ ಕಳೆದುಕೊಳ್ಳುತ್ತದೆ, ಹಾಗೆ ಬರಿದಾಗಿ ಕುಳಿತಷ್ಟು ಕಾಲವೂ ಸಲ್ಫೇಟ್ ಬೆಳೆಯುತ್ತದೆ. ನಡುವೆ ಚಾರ್ಜಿಗೆ ಹಾಕುವ ಅಂಗಡಿಗಳು ಕಡಿಮೆ. ಹಳೆಯ ಬಗೆಯ ಆಸಿಡ್ ತುಂಬುವ ಬ್ಯಾಟರಿಯಲ್ಲಾದರೆ ಈ ತೊಂದರೆ ಅಷ್ಟಿಲ್ಲ, ಅದು ಒಣಗಿದ ಸ್ಥಿತಿಯಲ್ಲೇ ಅಂಗಡಿಗೆ ಬರುತ್ತದೆ. ಅದರ ಗ್ರಹಚಾರ ಬೇರೆ: ಆಸಿಡ್ ಸುರಿದ ಮೇಲೆ ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟಿನಲ್ಲಿ, ಅಂದರೆ 9ರದ್ದಕ್ಕೆ 0.9 ಆಂಪಿಯರಿನಲ್ಲಿ, ಗಂಟೆಗಟ್ಟಲೆ ಮೊದಲ ಚಾರ್ಜ್ ಕೊಡಬೇಕಾದದ್ದನ್ನು ಬಿಟ್ಟು, ಟೀ ಕುಡಿದು ಬರುವಷ್ಟರಲ್ಲಿ ಗಾಡಿಗೆ ಕೂರಿಸಿ ಕಳಿಸುವವರೇ ಹೆಚ್ಚು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾನು ಕೊಂಡ ಅಂಗಡಿಯಲ್ಲಿ ಕೇಳುವ ಮೊದಲೇ ಎರಡು ಬ್ಯಾಟರಿ ತಂದು ಕೌಂಟರಿನ ಮೇಲಿಟ್ಟು, ಮೀಟರ್ ಹಚ್ಚಿ, ಹೆಚ್ಚು ತೋರಿಸಿದ್ದನ್ನು, ಭಾರ ಬಿದ್ದಾಗ ವೋಲ್ಟೇಜ್ ಎಷ್ಟು ಇಳಿಯುತ್ತದೆಂದು ನೋಡುವ ಲೋಡ್ ಟೆಸ್ಟರಿಗೂ ಕೊಟ್ಟು ನೋಡಿದರು. ತಯಾರಾಗಿ ಮೂರು ತಿಂಗಳೂ ಆಗಿರಲಿಲ್ಲ. ವಾರಂಟಿ ಕಾರ್ಡಿನಲ್ಲಿ ಕ್ರಮಸಂಖ್ಯೆ, ಗಾಡಿಯ ನಂಬರ್, ತಾರೀಕು ಎಲ್ಲವನ್ನೂ ಬರೆದು ಸೀಲ್ ಒತ್ತಿದರು. ಎಕ್ಸೈಡ್ ಕೂಡ ಅವರಲ್ಲಿತ್ತು, ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ, ಇದ್ದ ಮಾಲು ಮಾತ್ರ ಹಳೆಯದು. ಅಮರಾನ್ ತಯಾರಿಸುವ ತಿರುಪತಿಯ ಅಮರ ರಾಜಾ ಆಗಲಿ, ಕೋಲ್ಕತ್ತದ ಎಕ್ಸೈಡ್ ಆಗಲಿ, ಬ್ಯಾಟರಿ ಮಾಡಲು ಬಾರದವರಲ್ಲ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಹೊಸದಾಗಿ ಬಂದ ಎಕ್ಸೈಡ್ ಇದ್ದರೆ, ಅಮರಾನ್ ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುವುದರಲ್ಲಿ ಅರ್ಥವಿಲ್ಲ. ಲಿಥಿಯಂ ಬ್ಯಾಟರಿಯ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ತೂಕ ಬಹಳ ಕಡಿಮೆ ಎಂಬುದು ನಿಜವಾದರೂ ಬೆಲೆ ಹಲವು ಪಟ್ಟು. ರೇಸಿಗೆ ಇಳಿಯದವರು ಅದಕ್ಕೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ಶೋಕಿ.

ಕೂರಿಸುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಪಾಸಿಟಿವ್ ಮೊದಲು. ಇಲ್ಲದಿದ್ದರೆ ಸ್ಪ್ಯಾನರ್ ಚಾಸಿಗೆ ತಗುಲಿದಾಗ ಕಿಡಿ ಹಾರುತ್ತದೆ. ಈ ಬ್ಯಾಟರಿಯ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲಿಯೇ. ಟರ್ಮಿನಲ್ಲಿನ ಪುಟ್ಟ ನಟ್ಟು ತನ್ನ ಗೂಡಿನಲ್ಲಿ ಸಡಿಲವಾಗಿ ಕೂತಿರುತ್ತದೆ, ಸ್ಕ್ರೂ ತಾಗಿಸುವಷ್ಟರಲ್ಲಿ ಕೆಳಕ್ಕೆ ಜಾರುತ್ತದೆ. ನಟ್ಟಿನ ಅಡಿಗೆ ಮಡಿಚಿದ ರಬ್ಬರ್ ಚೂರೊಂದನ್ನು ತುರುಕಿದರೆ ಅದು ಮೇಲಕ್ಕೆ ನಿಂತು ಸ್ಕ್ರೂ ಹಿಡಿಯುತ್ತದೆ. ಬಿಗಿಮಾಡಿದ ಮೇಲೆ ಚೂರು ವ್ಯಾಸಲೀನ್ ಸವರಬೇಕು.

ವಾರಂಟಿ ನಲವತ್ತೆಂಟು ತಿಂಗಳು ಎಂದು ಕೇಳಿ ಹಿಗ್ಗುವ ಮುನ್ನ ಕಾರ್ಡನ್ನು ಪೂರ್ತಿ ಓದಬೇಕು. ನನ್ನ ಕಾರ್ಡಿನ ಪ್ರಕಾರ ಬ್ಯಾಟರಿ ಪುಕ್ಕಟೆಯಾಗಿ ಬದಲಾಗುವುದು ಮೊದಲ 24 ತಿಂಗಳಲ್ಲಿ ಮಾತ್ರ, ಉಳಿದ 24ರಲ್ಲಿ ಸಿಗುವುದು ಕಳೆದ ತಿಂಗಳುಗಳ ಲೆಕ್ಕದಲ್ಲಿ ಕರಗುತ್ತ ಹೋಗುವ ರಿಯಾಯಿತಿ. ಬಿಲ್ ಬೇಡವೆಂದರೆ ನೂರು ರೂಪಾಯಿ ಕಡಿಮೆ ಎನ್ನುವ ಅಂಗಡಿಯಲ್ಲಿ ಕೊಂಡರೆ ಅದೂ ಇಲ್ಲ. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಹಾಕದೆ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಬೇಕು. ಒಳಗಿರುವುದು ಸೀಸ ಮತ್ತು ಆಸಿಡ್, ಒಡೆದು ಸೀಸ ತೆಗೆಯುವವರು ಆಸಿಡ್ಡನ್ನು ಚರಂಡಿಗೆ ಚೆಲ್ಲುತ್ತಾರೆ. ಈಗ ಜಾರಿಯಲ್ಲಿರುವ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ನನ್ನ ಹಳೆಯದಕ್ಕೆ ಎಷ್ಟು ಕಳೆದರೆಂಬುದನ್ನು ಆ ಅಂಗಡಿಯವರು ಬಿಲ್ಲಿನಲ್ಲಿಯೇ ಬೇರೆ ಸಾಲಿನಲ್ಲಿ ನಮೂದಿಸಿ ಕೊಟ್ಟರು.