ಐಸ್‌ಕಾಸ್ಟ್ ಮತ್ತು ಲಿಕ್ವಿಡ್‌ಸೋಪ್: ಸರ್ವರ್ ಒಮ್ಮೆಯೂ ಬಿದ್ದಿಲ್ಲ, ಸದ್ದು ಮಾತ್ರ ನಿಂತಿದೆ

ಇಂಟರ್ನೆಟ್ ರೇಡಿಯೊ ಹಂಚುವ ಸರ್ವರ್ ತಂತ್ರಾಂಶ ಐಸ್‌ಕಾಸ್ಟ್. ಅದನ್ನು ಇನ್‌ಸ್ಟಾಲ್ ಮಾಡುವುದು ಹೇಗೆ ಅನ್ನುವುದು ಎಲ್ಲ ಕಡೆ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಕೆಲವು ವರ್ಷ ದಿನಾ ಓಡಿಸಿದ ಮೇಲಷ್ಟೇ ಗೊತ್ತಾಗುವ ಸಂಗತಿಗಳನ್ನು ಬರೆಯುತ್ತೇನೆ. ಅದರಲ್ಲೂ ಮುಖ್ಯವಾಗಿ ಒಂದು ದೂರು: ಈ ಸರ್ವರ್‌ಗೆ ಕಿವಿ ಇಲ್ಲ.

ನನ್ನದು ತೀರಾ ಚಿಕ್ಕ ಸ್ಟ್ರೀಮ್. ಹಗಲೆಲ್ಲ ರೆಕಾರ್ಡ್ ಮಾಡಿಟ್ಟ ಕಥೆ, ಪ್ರಬಂಧಗಳ ಓದು, ಪರಿಚಯದ ಕಲಾವಿದರು ಒಪ್ಪಿಗೆ ಕೊಟ್ಟ ಸಂಗೀತ. ರಾತ್ರಿ ಒಂದು ಗಂಟೆ ನೇರಪ್ರಸಾರ. ಕೇಳುವವರು ಬೆರಳೆಣಿಕೆಯಷ್ಟು ಜನ, ಅದರಲ್ಲಿ ಅರ್ಧ ನೆಂಟರು. ಹಾಗಾಗಿ ಇದಕ್ಕೆ ದೊಡ್ಡ ಮೊತ್ತ ಸುರಿಯುವ ಮನಸ್ಸಿಲ್ಲ. ಸಿಗುವುದರಲ್ಲೇ ಅಗ್ಗದ, 1 ಜಿಬಿ ಮೆಮೊರಿಯ ಬಾಡಿಗೆ ಸರ್ವರ್ ಒಂದು, ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್, ಅದಕ್ಕೊಂದು ಯುಎಸ್‌ಬಿ ಸೌಂಡ್ ಕಾರ್ಡ್, ಮೈಕು. ಸಾವಿರಾರು ಕೇಳುಗರಿರುವವರು ನನ್ನ ಅಭಿಪ್ರಾಯವನ್ನು ಹಾಗೇ ನಂಬಬೇಡಿ, ನಿಮ್ಮ ಲೆಕ್ಕ ಬೇರೆ ಇರುತ್ತದೆ. 128 ಕೆಬಿಪಿಎಸ್ ಬಿಟ್‌ರೇಟಿನಲ್ಲಿ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ನಂತೆ, ಒಬ್ಬ ಕೇಳುಗ ಗಂಟೆಗೆ ಸುಮಾರು 57 ಎಂಬಿ ಎಳೆಯುತ್ತಾನೆ. ಏಕಕಾಲಕ್ಕೆ ನೂರು ಜನ ಕೂತರೆ 12.8 ಎಂಬಿಪಿಎಸ್ ಅಪ್‌ಲೋಡ್ ಬೇಕು. ನನಗೆ ಆ ಭಾಗ್ಯ ಬಂದಿಲ್ಲ.

ಈ ಅಗ್ಗದ ಸರ್ವರ್‌ನಲ್ಲೂ ಐಸ್‌ಕಾಸ್ಟ್ ಇದ್ದೇ ಇಲ್ಲವೇನೋ ಅನ್ನುವಷ್ಟು ಹಗುರವಾಗಿ ಓಡುತ್ತದೆ. ಕಾರಣ ಸರಳ. ಅದು ಆಡಿಯೊವನ್ನು ಎನ್‌ಕೋಡ್ (ಎಂಪಿ3ಯಂಥ ರೂಪಕ್ಕೆ ಪರಿವರ್ತನೆ) ಮಾಡುವುದಿಲ್ಲ, ಬಿಚ್ಚಿಯೂ ನೋಡುವುದಿಲ್ಲ. ಒಂದು ಕಡೆಯಿಂದ ಬಂದ ಬೈಟ್‌ಗಳನ್ನು ಎಷ್ಟು ಜನ ಕೇಳಿದರೆ ಅಷ್ಟು ಜನರಿಗೆ ನಕಲು ಮಾಡಿ ಹಂಚುತ್ತದೆ, ಅಷ್ಟೇ. 1990ರ ದಶಕದ ಕೊನೆಯಲ್ಲಿ ಶೌಟ್‌ಕಾಸ್ಟ್ ಎಂಬ ಖಾಸಗಿ ಸ್ಟ್ರೀಮಿಂಗ್ ತಂತ್ರಾಂಶಕ್ಕೆ ಮುಕ್ತ ಪರ್ಯಾಯವಾಗಿ ಹುಟ್ಟಿದ್ದು ಇಂದಿಗೂ ಅದೇ ಕೆಲಸ ಮಾಡಿಕೊಂಡಿದೆ. ಸರ್ವರ್ ರೀಬೂಟ್ ಮಾಡಿದಾಗ ಬಿಟ್ಟರೆ ಅದು ತಾನಾಗಿ ನಿಂತದ್ದನ್ನು ನಾನು ನೋಡಿಲ್ಲ.

ನನ್ನ ಸಿಟ್ಟಿಗೂ ಇದೇ ಕಾರಣ.

ಒಂದು ಸಂಜೆ ದೊಡ್ಡಮ್ಮನ ಮೆಸೇಜು: ‘ಯಾಕೋ, ನಿನ್ನ ರೇಡಿಯೊ ಬಾಯಿ ಕಟ್ಟಿದೆ?’ ಸ್ಟೇಟಸ್ ಪುಟ ತೆಗೆದು ನೋಡಿದೆ. ಮೌಂಟ್ (ಸ್ಟ್ರೀಮಿನ ವಿಳಾಸ) ಇದೆ, ಸೋರ್ಸ್ (ಆಡಿಯೊ ಕಳಿಸುವ ಕಡೆ) ಕನೆಕ್ಟ್ ಆಗಿದೆ, ಬಿಟ್‌ರೇಟ್ 128, ಕೇಳುಗರೂ ಇದ್ದಾರೆ. ಲಾಗ್‌ನಲ್ಲಿ ಒಂದೇ ಒಂದು ಎಚ್ಚರಿಕೆಯ ಸಾಲಿಲ್ಲ. ‘ನಿಮ್ಮ ಫೋನ್ ವಾಲ್ಯೂಮ್ ನೋಡಿ ದೊಡ್ಡಮ್ಮ’ ಅಂದೆ. ‘ವಾಲ್ಯೂಮ್ ನೋಡದೆ ನಿನಗೆ ಹೇಳ್ತೀನಾ’ ಅಂತ ಉತ್ತರ ಬಂತು. ಅವರು ಹೇಳಿದ್ದೇ ಸರಿ. ಲ್ಯಾಪ್‌ಟಾಪ್ ಮಧ್ಯಾಹ್ನ ಅಪ್‌ಡೇಟ್ ಆಗಿ ರೀಬೂಟ್ ಆಗಿತ್ತು. ಲಿನಕ್ಸಿನಲ್ಲಿ ಸದ್ದು ನೋಡಿಕೊಳ್ಳುವ ಭಾಗವಾದ ಅಲ್ಸಾ, ಸೌಂಡ್ ಕಾರ್ಡ್‌ಗಳಿಗೆ ಅವು ಪತ್ತೆಯಾದ ಕ್ರಮದಲ್ಲಿ 0, 1, 2 ಎಂದು ನಂಬರ್ ಹಚ್ಚುತ್ತದೆ. ಈ ಸಲ ವೆಬ್‌ಕ್ಯಾಮಿನ ಮೈಕು ಮೊದಲು ಎದ್ದು 1ನೇ ನಂಬರ್ ಹಿಡಿದುಕೊಂಡಿತ್ತು, ನನ್ನ ಯುಎಸ್‌ಬಿ ಕಾರ್ಡ್ 2ಕ್ಕೆ ಹೋಗಿತ್ತು. ಸೌಂಡ್ ಕಾರ್ಡಿನ ಸದ್ದನ್ನು ಐಸ್‌ಕಾಸ್ಟ್‌ಗೆ ಕಳಿಸಲು ಆಗ ಬಳಸುತ್ತಿದ್ದ ಡಾರ್ಕ್‌ಐಸ್ ತಂತ್ರಾಂಶ, 1ನೇ ಕಾರ್ಡಿನಿಂದ ಬರುತ್ತಿದ್ದ ಶೂನ್ಯವನ್ನು ಶ್ರದ್ಧೆಯಿಂದ ಎಂಪಿ3 ಮಾಡಿ ಕಳಿಸುತ್ತಿತ್ತು. ಐಸ್‌ಕಾಸ್ಟ್ ಅಷ್ಟೇ ಶ್ರದ್ಧೆಯಿಂದ ಅದನ್ನು ಹಂಚುತ್ತಿತ್ತು.

ಇಲ್ಲೊಂದು ವಿಷಯ ಗಮನಿಸಿ. ಸ್ಥಿರ ಬಿಟ್‌ರೇಟಿನ ಎಂಪಿ3ಯಲ್ಲಿ ಮೌನಕ್ಕೂ ಹಾಡಿಗೂ ತೂಕ ಒಂದೇ. ಏನೂ ಕೇಳಿಸದ ಗಂಟೆಯೂ 57 ಎಂಬಿಯೇ. ಹಾಗಾಗಿ ನೆಟ್‌ವರ್ಕ್ ಗ್ರಾಫ್ ನೋಡಿದರೂ ಏನೂ ತಿಳಿಯುವುದಿಲ್ಲ. ಅದೇ ಆಗ್ ವಾರ್ಬಿಸ್ ಅಥವಾ ಬದಲಾಗುವ ಬಿಟ್‌ರೇಟಿನ ಓಪಸ್‌ನಂಥ ಫಾರ್ಮ್ಯಾಟ್ ಆಗಿದ್ದರೆ, ಸದ್ದು ನಿಂತ ಕೂಡಲೇ ಗ್ರಾಫ್ ಕುಸಿದು ಗುಟ್ಟು ಬಯಲಾಗುತ್ತದೆ. ಆದರೆ ಹಳೆಯ ಸಫಾರಿ ಬ್ರೌಸರ್‌ಗಳಲ್ಲಿ ಆಗ್ ಓಡುವುದಿಲ್ಲ, ನೆಂಟರ ಕೈಯಲ್ಲಿರುವ ಫೋನ್‌ಗಳನ್ನು ನಾನು ಆರಿಸಲಾಗುವುದಿಲ್ಲ. ಎಂಪಿ3 ಬಿಡುವ ಹಾಗಿಲ್ಲ. ಅದರ ಪೇಟೆಂಟ್ ಪರವಾನಗಿ ವ್ಯವಸ್ಥೆ 2017ರಲ್ಲೇ ಮುಗಿದಿರುವುದರಿಂದ ಈಗ ಆ ಕಡೆಯ ತಲೆಬಿಸಿಯೂ ಇಲ್ಲ.

ಸೌಂಡ್ ಕಾರ್ಡಿನ ತೊಂದರೆಗೆ ಮದ್ದು ಸುಲಭ: ಕಾನ್ಫಿಗ್‌ನಲ್ಲಿ ನಂಬರ್ ಬದಲು ಕಾರ್ಡಿನ ಹೆಸರು ಬರೆಯಿರಿ, ರೀಬೂಟ್ ಆದರೂ ಹೆಸರು ಬದಲಾಗುವುದಿಲ್ಲ. ಆದರೆ ಮೈಕಿನ ವೈರು ಸಡಿಲವಾದರೆ? ಮಿಕ್ಸರಿನಲ್ಲಿ ಯಾರೋ ಮ್ಯೂಟ್ ಒತ್ತಿದರೆ? ಪ್ಲೇಲಿಸ್ಟಿನಲ್ಲಿ ಅರ್ಧ ಖಾಲಿ ಇರುವ ಫೈಲ್ ಬಂದರೆ? ಐಸ್‌ಕಾಸ್ಟ್‌ನಲ್ಲಿ ಫಾಲ್‌ಬ್ಯಾಕ್ ಮೌಂಟ್ ಅಂತ ಒಂದು ಸೌಲಭ್ಯ ಇದೆ ನಿಜ. ಮುಖ್ಯ ಸ್ಟ್ರೀಮ್ ಕಡಿದರೆ ಕೇಳುಗರನ್ನು ಇನ್ನೊಂದಕ್ಕೆ ಸಾಗಿಸುತ್ತದೆ, ‘ಫಾಲ್‌ಬ್ಯಾಕ್-ಓವರ್‌ರೈಡ್’ ಹಾಕಿದ್ದರೆ ಮುಖ್ಯ ಸ್ಟ್ರೀಮ್ ಮರಳಿದಾಗ ವಾಪಸ್ ಕರೆತರುತ್ತದೆ. ಎರಡರ ಫಾರ್ಮ್ಯಾಟು, ಸ್ಯಾಂಪಲ್ ರೇಟು, ಚಾನೆಲ್ಲು ಒಂದೇ ಇರಬೇಕು, ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳು ಕಿರುಚುತ್ತವೆ ಇಲ್ಲವೇ ನಿಂತುಬಿಡುತ್ತವೆ. ಆದರೆ ಇದು ಕೆಲಸ ಮಾಡುವುದು ಕನೆಕ್ಷನ್ ಕಡಿದಾಗ ಮಾತ್ರ. ಕನೆಕ್ಷನ್ ಇದ್ದು ಸದ್ದಿಲ್ಲದಿದ್ದರೆ ಅದರ ಮಟ್ಟಿಗೆ ಎಲ್ಲವೂ ಕ್ಷೇಮ.

ಹೀಗೆ ರೋಸಿಹೋಗಿ, ಆಡಿಯೊ ಜೋಡಿಸಿ ಐಸ್‌ಕಾಸ್ಟ್‌ಗೆ ಕಳಿಸುವ ಲಿಕ್ವಿಡ್‌ಸೋಪ್ ಎಂಬ ತಂತ್ರಾಂಶದ ಕಡೆ ಹೋದೆ. ಫ್ರಾನ್ಸಿನ ಲಿಯೋನ್‌ನಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ ಯೋಜನೆ ಇದು, ಒಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಸ್ಟ್ರೀಮ್ ಹೇಗಿರಬೇಕೆಂದು ಇದಕ್ಕೆ ಸ್ಕ್ರಿಪ್ಟ್ ಬರೆದು ಹೇಳಬೇಕು. ಮೊದಲ ಭೇಟಿಯೇ ಕಿರಿಕಿರಿ. ನಾಲ್ಕು ಸಾಲಿನ ಸ್ಕ್ರಿಪ್ಟ್: ಒಂದು ಪ್ಲೇಲಿಸ್ಟ್, ಅದನ್ನು ಐಸ್‌ಕಾಸ್ಟ್‌ಗೆ ಕಳಿಸು. ಓಡಲು ಒಪ್ಪಲಿಲ್ಲ. ‘ದಟ್ ಸೋರ್ಸ್ ಈಸ್ ಫಾಲಿಬಲ್’ ಅಂದು ನಿಂತಿತು. ಫೋಲ್ಡರ್ ಇದೆ, ಹಾಡುಗಳಿವೆ, ಪಾಸ್‌ವರ್ಡ್ ಸರಿಯಿದೆ, ಮತ್ತೇನು ಬೇಕು ಈ ಮಹಾರಾಯನಿಗೆ?

ಅದಕ್ಕೆ ಬೇಕಾಗಿದ್ದದ್ದು ಒಂದು ಉತ್ತರ. ‘ಈ ಪ್ಲೇಲಿಸ್ಟ್ ಯಾವತ್ತಾದರೂ ಕೈಕೊಡಬಹುದು. ಫೋಲ್ಡರ್ ಖಾಲಿಯಾಗಬಹುದು, ಫೈಲ್ ತೆರೆಯದಿರಬಹುದು. ಆಗ ಏನು ನುಡಿಸಲಿ?’ ಇದಕ್ಕೆ ಉತ್ತರ ಹೇಳದೆ ಅದು ಹೆಜ್ಜೆ ಎತ್ತುವುದಿಲ್ಲ. ‘ಎಂಕೆಸೇಫ್’ ಅಂತ ಸುತ್ತಿಬಿಟ್ಟರೆ ಒಪ್ಪುತ್ತದೆ, ಆದರೆ ಅದರರ್ಥ ‘ಏನೂ ಇಲ್ಲದಾಗ ಮೌನ ಕಳಿಸು’ ಅಂತ. ನಾನು ಓಡಿ ಬಂದದ್ದೇ ಅದರಿಂದ! ಕೊನೆಗೆ ಮೂರು ಮೆಟ್ಟಿಲು ಕಟ್ಟಿದೆ: ನೇರಪ್ರಸಾರ ಇದ್ದರೆ ಅದು, ಇಲ್ಲದಿದ್ದರೆ ಪ್ಲೇಲಿಸ್ಟ್, ಅದೂ ಇಲ್ಲದಿದ್ದರೆ ಡಿಸ್ಕಿನಲ್ಲಿ ಕಾಯಂ ಕೂತಿರುವ ಒಂದೇ ಒಂದು ಫೈಲು. ಅದರಲ್ಲಿ ‘ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬರುತ್ತೇವೆ’ ಅನ್ನುವ ನನ್ನದೇ ದನಿ. ಇದನ್ನು ಬರೆದು ಮುಗಿಸುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಇಡೀ ಸರಪಳಿಯಲ್ಲಿ, ಸದ್ದು ನಿಂತರೆ ಏನು ಗತಿ ಅಂತ ಮೊದಲೇ ಕೇಳಿದ್ದು ಇದೊಂದೇ.

ಆಮೇಲೆ ‘ಬ್ಲ್ಯಾಂಕ್.ಸ್ಟ್ರಿಪ್’ ಸಿಕ್ಕಿತು. ಅದನ್ನು ಒಂದು ಸೋರ್ಸಿಗೆ ಹಚ್ಚಿದರೆ, ಸದ್ದು ಮೈನಸ್ 40 ಡೆಸಿಬೆಲ್‌ಗಿಂತ ಕೆಳಗೆ 20 ಸೆಕೆಂಡ್ ಉಳಿದ ಕೂಡಲೇ ಆ ಸೋರ್ಸ್ ಇಲ್ಲ ಎಂದೇ ಲೆಕ್ಕ. ಮೇಲಿನ ಮೆಟ್ಟಿಲು ತಾನಾಗಿ ಮುಂದಿನದಕ್ಕೆ ಬಿಟ್ಟುಕೊಡುತ್ತದೆ. ಕಿವಿ ಅಂದರೆ ಇದು. ಸ್ವಲ್ಪ ಅತಿಸೂಕ್ಷ್ಮ ಕಿವಿ. ಮೆಲ್ಲಗೆ ಶುರುವಾಗುವ ಒಂದು ಕೊಳಲಿನ ರೆಕಾರ್ಡಿಂಗನ್ನು ನೇರಪ್ರಸಾರದಲ್ಲಿ ಹಾಕಿದಾಗ, ಅದನ್ನೇ ಮೌನ ಅಂದುಕೊಂಡು ಪ್ಲೇಲಿಸ್ಟಿಗೆ ಜಿಗಿಯಿತು. ಮಿತಿಯನ್ನು ಮೈನಸ್ 50ಕ್ಕೆ ಇಳಿಸಿ, ಸಮಯ ಹೆಚ್ಚಿಸಿದ ಮೇಲೆ ಸರಿಹೋಯಿತು. ನಿಮ್ಮ ರೆಕಾರ್ಡಿಂಗ್‌ಗಳ ಮಟ್ಟ ನೋಡಿಕೊಂಡು ನೀವೇ ಹೊಂದಿಸಿಕೊಳ್ಳಬೇಕು.

ಇನ್ನೊಂದು ಸುಖ ನಾನು ನಿರೀಕ್ಷಿಸಿಯೇ ಇರಲಿಲ್ಲ. ಲಿಕ್ವಿಡ್‌ಸೋಪಿನ ‘ಟ್ರ್ಯಾಕ್ ಸೆನ್ಸಿಟಿವ್’ ಆಯ್ಕೆಯನ್ನು ಫಾಲ್ಸ್ ಮಾಡಿದರೆ, ನಾನು ನೇರಪ್ರಸಾರ ಶುರು ಮಾಡಿದ ಕ್ಷಣವೇ ಪ್ಲೇಲಿಸ್ಟ್ ನಡುವಾಕ್ಯದಲ್ಲೇ ನಿಲ್ಲುತ್ತದೆ. ನಿಲ್ಲುತ್ತದೆ ಅಂದರೆ ನಿಜಕ್ಕೂ ನಿಂತಿರುತ್ತದೆ, ಹಿನ್ನೆಲೆಯಲ್ಲಿ ಓಡುತ್ತಿರುವುದಿಲ್ಲ. ರಾತ್ರಿ ಒಂಬತ್ತಕ್ಕೆ ‘ಆಗ ಬಾಗಿಲು ತೆರೆದು’ ಅಂತ ಅರ್ಧಕ್ಕೆ ಕಡಿದ ಕಥೆ, ಹತ್ತಕ್ಕೆ ನಾನು ಮಾತು ಮುಗಿಸಿದ ಕೂಡಲೇ ‘ಒಳಗೆ ಬಂದಳು’ ಅಂತ ಮುಂದುವರಿಯುತ್ತದೆ. ಇದು ದೋಷ ಅಂತ ಒಬ್ಬರು ದೂರಿದರು. ನನಗಂತೂ ಇಷ್ಟ, ಬದಲಾಯಿಸಿಲ್ಲ.

ನೇರಪ್ರಸಾರಕ್ಕೆ ಬಟ್ ಅನ್ನುವ ಪುಟ್ಟ ತಂತ್ರಾಂಶ ಬಳಸುತ್ತೇನೆ. ಅದರ ಕಿಟಕಿಯಲ್ಲಿ ಕುಣಿಯುವ ಮೀಟರು, ಎಷ್ಟು ಹೊತ್ತಾಯಿತು, ಎಷ್ಟು ಎಂಬಿ ಹೋಯಿತು, ಇಷ್ಟೇ. ರಾತ್ರಿ ಶುರು ಮಾಡುವ ಮೊದಲು ದಿನವೂ ಒಂದು ಕ್ರಮ ಇದೆ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ವಿಎಲ್‌ಸಿ ಪ್ಲೇಯರ್ ಹಚ್ಚಿ ಪಕ್ಕದ ಕೋಣೆಯಲ್ಲಿಟ್ಟು ಬರುತ್ತೇನೆ. ಮನೆಯ ವೈಫೈಯಲ್ಲಿ ಪರೀಕ್ಷಿಸಿದರೆ ಹೊರಗಿನವರಿಗೆ ಕೇಳಿಸುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಅದೇ ಕೋಣೆಯಲ್ಲಿಟ್ಟರೆ ದನಿ ಮತ್ತೆ ಮೈಕಿಗೆ ನುಗ್ಗುತ್ತದೆ. ಬಟ್ ಕನೆಕ್ಟ್ ಮಾಡಿ, ‘ಒಂದು, ಎರಡು, ಮೂರು’ ಅಂತೇನೂ ಎಣಿಸದೆ, ಅವತ್ತಿನ ಕಥೆಯ ಹೆಸರು ಹೇಳಿ ಸುಮ್ಮನಾಗುತ್ತೇನೆ. ಗೋಡೆಯಾಚೆಯಿಂದ ನನ್ನದೇ ದನಿ ತಡವಾಗಿ ಬಂದು ಆ ಹೆಸರು ಹೇಳುತ್ತದೆ. ಅದು ಕಿವಿಗೆ ಬಿದ್ದ ಮೇಲೆಯೇ ಪುಟ ತೆರೆಯುವುದು.

ಆ ತಡಕ್ಕೆ ಲೆಕ್ಕ ಉಂಟು. ಹೊಸ ಕೇಳುಗ ಬಂದ ಕೂಡಲೇ ಸದ್ದು ಶುರುವಾಗಲಿ ಅಂತ ಐಸ್‌ಕಾಸ್ಟ್ 64 ಕೆಬಿಯಷ್ಟು ಹಳೆಯ ಆಡಿಯೊವನ್ನು ಒಮ್ಮೆಲೇ ಕೊಟ್ಟುಬಿಡುತ್ತದೆ. ಇದೇ ‘ಬರ್ಸ್ಟ್-ಸೈಜ್’. 128 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 16 ಕೆಬಿ, ಅಲ್ಲಿಗೆ ಕೇಳುಗ ನಾಲ್ಕು ಸೆಕೆಂಡ್ ಹಿಂದೆ. 64 ಕೆಬಿಪಿಎಸ್‌ಗೆ ಇಳಿಸಿದರೆ ಎಂಟು ಸೆಕೆಂಡ್. ಬಿಟ್‌ರೇಟ್ ಕಡಿಮೆ ಮಾಡಿದರೆ ಬೇಗ ತಲುಪಬೇಕಲ್ಲವೇ ಅಂದುಕೊಳ್ಳುವವರಿಗೆ ಇದು ತಲೆಕೆಳಗು ಅನ್ನಿಸುತ್ತದೆ. ಇದರ ಮೇಲೆ ಎನ್‌ಕೋಡರ್ ಮತ್ತು ಪ್ಲೇಯರ್‌ಗಳ ಬಫರ್ ಬೇರೆ. ಮಾತಿಗೆ ಮಾತು ನಡೆಯಬೇಕಾದ ಕಾರ್ಯಕ್ರಮಕ್ಕೆ ಐಸ್‌ಕಾಸ್ಟ್ ಹೇಳಿಮಾಡಿಸಿದ್ದಲ್ಲ.

ಕನ್ನಡದಲ್ಲಿ ಶೀರ್ಷಿಕೆ ಹಾಕುವವರಿಗೆ ಒಂದು ಮಾತು. ಮೊದಮೊದಲು ನನ್ನ ಕಥೆಗಳ ಹೆಸರಿನ ಜಾಗದಲ್ಲಿ ತಲೆ ಮೇಲೆ ಗೀರು ಹೊತ್ತ ಇಂಗ್ಲಿಷಿನ ಎ ಅಕ್ಷರ, ಪಕ್ಕದಲ್ಲಿ ಪುಟಾಣಿ 2 ಅಥವಾ 3, ಮತ್ತೆ ಎ, ಮತ್ತೆ 2, ಹೀಗೆ ಉದ್ದಕ್ಕೂ ಸಾಲು. ಐಸ್‌ಕಾಸ್ಟ್ ಎಂಪಿ3 ಸ್ಟ್ರೀಮಿನ ಶೀರ್ಷಿಕೆಯನ್ನು ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರ ಸಂಕೇತ) ಎಂದೇ ಊಹಿಸುತ್ತದೆ. ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಅವು ಮೂರು ಬೇರೆ ಬೇರೆ ಅಕ್ಷರಗಳಾಗಿ ಒಡೆಯುತ್ತವೆ. ಐಸ್‌ಕಾಸ್ಟ್ ಕಾನ್ಫಿಗ್‌ನ ಮೌಂಟ್ ಭಾಗದಲ್ಲಿ ‘ಕ್ಯಾರ್‌ಸೆಟ್’ ಯುಟಿಎಫ್-8 ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. ಹೆಸರು ಅರ್ಧಕ್ಕೇ ಕತ್ತರಿಸಿದಂತೆ ಕಂಡರೆ ಮಾತ್ರ ತಪ್ಪು ಬೇರೆ ಕಡೆ ಇರಬಹುದು: ಫೈಲಿನಲ್ಲಿ ಹಳೆಯ ಐಡಿ3 ಮೊದಲ ಆವೃತ್ತಿಯ ಟ್ಯಾಗ್ (ಹಾಡಿನ ವಿವರ ಬರೆದಿಡುವ ಜಾಗ) ಇದ್ದರೆ ಅದರಲ್ಲಿ ಶೀರ್ಷಿಕೆಗೆ ಜಾಗವೇ 30 ಬೈಟ್. ಕನ್ನಡಕ್ಕೆ ಹತ್ತು ಚಿಹ್ನೆ, ಒತ್ತಕ್ಷರ ಬಂದರೆ ಇನ್ನೂ ಇಕ್ಕಟ್ಟು.

ಉಳಿದ ಸಣ್ಣಪುಟ್ಟ ಕಾಟಗಳು: ನೆಟ್ ಕಡಿದು ಮತ್ತೆ ಸೇರುವಾಗ ‘ಮೌಂಟ್‌ಪಾಯಿಂಟ್ ಇನ್ ಯೂಸ್’ ಬಂದರೆ ಗಾಬರಿ ಬೇಡ, ಹಳೆಯ ಕನೆಕ್ಷನ್ ಸತ್ತಿದೆ ಅಂತ ಒಪ್ಪಿಕೊಳ್ಳಲು ಸರ್ವರ್ 10 ಸೆಕೆಂಡ್ ತೆಗೆದುಕೊಳ್ಳುತ್ತದೆ. ‘ಫಾಲನ್ ಟೂ ಫಾರ್ ಬಿಹೈಂಡ್’ ಅಂತ ಲಾಗ್‌ನಲ್ಲಿ ಕಂಡರೆ ಹೆಚ್ಚಾಗಿ ಕೇಳುಗನ ನೆಟ್ ನಿಧಾನ. 512 ಕೆಬಿ, ಅಂದರೆ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದವನನ್ನು ಐಸ್‌ಕಾಸ್ಟ್ ಇಳಿಸಿ ಮುಂದೆ ಹೋಗುತ್ತದೆ. ವೆಬ್‌ಸೈಟ್ ಎಚ್‌ಟಿಟಿಪಿಎಸ್ ಆಗಿದ್ದು ಸ್ಟ್ರೀಮ್ ಹಾಗಿಲ್ಲದಿದ್ದರೆ ಬ್ರೌಸರ್ ನುಡಿಸುವುದೇ ಇಲ್ಲ. ಐಸ್‌ಕಾಸ್ಟ್‌ನ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿ, ಅದರ ಬಫರಿಂಗ್ ಆಫ್ ಮಾಡಿಬಿಡಿ. ಆಮೇಲೆ ಎಲ್ಲ ಕೇಳುಗರೂ 127.0.0.1 ಎಂಬ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಾರೆ, ಅದಕ್ಕೆ ಬೇಸರ ಪಡಬೇಡಿ. ‘ಹ್ಯಾಕ್‌ಮಿ’ ಅನ್ನುವ ಡಿಫಾಲ್ಟ್ ಪಾಸ್‌ವರ್ಡ್ ಹೆಸರಿಗೆ ತಕ್ಕಂತೆಯೇ ಇದೆ, ಮೊದಲ ದಿನವೇ ಬದಲಾಯಿಸಿ.

ಲಿಕ್ವಿಡ್‌ಸೋಪನ್ನು ಇಷ್ಟು ಹೊಗಳಿದ ಮೇಲೆ ಅದರ ಕೆಟ್ಟ ಗುಣವನ್ನೂ ಹೇಳಬೇಕು. ಆವೃತ್ತಿ ಬದಲಾದರೆ ಹಳೆಯ ಸ್ಕ್ರಿಪ್ಟ್ ಮುರಿಯುತ್ತದೆ. 2021ರಲ್ಲಿ 2.0 ಬಂದಾಗ ‘ಸ್ಟ್ರಿಪ್_ಬ್ಲ್ಯಾಂಕ್’ ಹೋಗಿ ‘ಬ್ಲ್ಯಾಂಕ್.ಸ್ಟ್ರಿಪ್’ ಆಯಿತು. ನಾನು ನೆಚ್ಚಿಕೊಂಡಿದ್ದ ಆ ಒಂದೇ ಸಾಲು! ಹಾಗಾಗಿ ಅಪ್‌ಡೇಟ್ ಅನ್ನು ತಾನಾಗಿ ಆಗಲು ಬಿಡುವುದಿಲ್ಲ. ಮೂಲ ಕೋಡಿನಿಂದ ಕಟ್ಟಲು ಹೋದರೆ 1 ಜಿಬಿ ಸರ್ವರ್ ಏದುಸಿರು ಬಿಡುತ್ತದೆ, ಸಿದ್ಧ ಪ್ಯಾಕೇಜನ್ನೇ ಹಾಕಿಕೊಳ್ಳಿ. ಎರಡು ಬಿಟ್‌ರೇಟುಗಳಲ್ಲಿ ಎನ್‌ಕೋಡ್ ಮಾಡಿ ಕ್ರಾಸ್‌ಫೇಡ್ (ಒಂದು ಹಾಡು ಕರಗುತ್ತ ಇನ್ನೊಂದು ಏರುವುದು) ಕೂಡ ಹಚ್ಚಿದಾಗ ‘ವಿ ಮಸ್ಟ್ ಕ್ಯಾಚಪ್’ ಅಂತ ಲಾಗ್ ತುಂಬಿತು. ಪ್ರೊಸೆಸರ್ ಸಾಲುತ್ತಿಲ್ಲ ಅಂತ ಅರ್ಥ. ಎರಡನೇ ಬಿಟ್‌ರೇಟ್ ತೆಗೆದೆ, ದೂರಿದವರಿಲ್ಲ. ಸ್ಕ್ರಿಪ್ಟ್ ಅಂದರೆ ಅಲರ್ಜಿ ಇರುವವರಿಗೆ ಅಜುರಾಕಾಸ್ಟ್ ಇದೆ. ಐಸ್‌ಕಾಸ್ಟ್, ಲಿಕ್ವಿಡ್‌ಸೋಪ್ ಎರಡನ್ನೂ ಒಳಗಿಟ್ಟುಕೊಂಡು ಮೇಲೆ ಚೆಂದದ ವೆಬ್ ಪುಟ ಕೊಡುತ್ತದೆ. ನನ್ನ ಚಿಕ್ಕ ಸರ್ವರ್‌ಗೆ ಅದು ಭಾರ.

ಇಷ್ಟಾದರೂ ಲಿಕ್ವಿಡ್‌ಸೋಪ್ ಕೇಳಿಸಿಕೊಳ್ಳುವುದು ತಾನು ಕಳಿಸುವುದನ್ನು. ಕೇಳುಗನ ತುದಿಯಲ್ಲಿ ಏನು ಬರುತ್ತಿದೆ ಅನ್ನುವುದಕ್ಕೆ ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಆಡಿಯೊ-ವಿಡಿಯೊ ತಂತ್ರಾಂಶ ಸದಾ ಸ್ಟ್ರೀಮ್ ಕೇಳುತ್ತಿರುತ್ತದೆ. ಅದರ ‘ಸೈಲೆನ್ಸ್‌ಡಿಟೆಕ್ಟ್’ ಫಿಲ್ಟರ್ ಮೌನ ಕಂಡರೆ ಒಂದು ಸಾಲು ಬರೆಯುತ್ತದೆ, ಆ ಸಾಲು ಕಂಡರೆ ನನ್ನ ಸ್ಕ್ರಿಪ್ಟ್ ಫೋನಿಗೆ ಮೆಸೇಜ್ ಕಳಿಸುತ್ತದೆ. ಸಮಯವನ್ನು 30 ಸೆಕೆಂಡ್ ಇಟ್ಟಿದ್ದೇನೆ. ಡಿಫಾಲ್ಟ್ ಇರುವ 2 ಸೆಕೆಂಡನ್ನೇ ಬಿಟ್ಟರೆ, ನಾನು ಪುಟ ತಿರುಗಿಸಿ ಉಸಿರು ತೆಗೆದುಕೊಂಡಾಗಲೆಲ್ಲ ಫೋನ್ ಗುಂಯ್‌ಗುಡುತ್ತದೆ.