ಮುಳ್ಳು 60ರಲ್ಲಿ, ಗಾಡಿ 66ರಲ್ಲಿ: ಹಳೇ ಪಿಕಪ್‌ನ ಸ್ಪೀಡೋಮೀಟರ್‌ಗೆ ನಾನು ಮಾಡಿದ ಪರೀಕ್ಷೆಗಳು

ಟೊಮ್ಯಾಟೊ ಸೀಸನ್‌ನಲ್ಲಿ ನಮ್ಮ ಹಳೇ ಪಿಕಪ್ ದಿನಾ ಮುಳಬಾಗಿಲು ಕಡೆಯಿಂದ ಕೋಲಾರ ಮಾರ್ಕೆಟ್‌ಗೆ ಹೋಗಿಬರುತ್ತದೆ. ಮುಳ್ಳು 60ರಲ್ಲಿದ್ದರೂ ಗಾಡಿ ಅದಕ್ಕಿಂತ ಜೋರಾಗಿ ಓಡ್ತಿದೆ ಅನ್ನಿಸುತ್ತಿತ್ತು. ಮೀಟರ್ ಸ್ವಲ್ಪ ಜಾಸ್ತಿ ತೋರಿಸಿದರೆ ಚಿಂತೆಯಿಲ್ಲ, ವಿಶ್ವಸಂಸ್ಥೆಯ ವಾಹನ ನಿಯಮ 39 ಕೂಡ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ.

ಗ್ಯಾರೇಜಿನಲ್ಲಿ "ಕೇಬಲ್ ಹೋಗಿದೆ ಅಣ್ಣಾ" ಅಂದರು. ಗೇರ್‌ಬಾಕ್ಸ್‌ನಿಂದ ಮೀಟರ್‌ವರೆಗೆ ಬರುವ, ಚಕ್ರದ ಜೊತೆ ತಿರುಗುವ ತಂತಿ ಅದು. ಹೊಸದು ಹಾಕಿಸಿದೆ. ಮುಳ್ಳಿನ ನಡುಕ ನಿಂತಿತು, ತಪ್ಪು ಮಾತ್ರ ಹಾಗೇ ಉಳಿಯಿತು. ಈಗ ಯೋಚಿಸಿದರೆ ಅದು ಸಹಜ. ಕೇಬಲ್ ಒಣಗಿದ್ದರೆ ಮುಳ್ಳು ಕುಣಿಯುತ್ತದೆ, ತುಂಡಾದರೆ ಸೊನ್ನೆಗೆ ಬೀಳುತ್ತದೆ. ಅಲುಗಾಡದೆ ನಿಂತು ತಪ್ಪು ಹೇಳುವ ಮುಳ್ಳಿಗೆ ಕೇಬಲ್ ಕಾರಣ ಅಲ್ಲ.

ಆಮೇಲೆ ಫೋನಿನ ಜಿಪಿಎಸ್ ಆ್ಯಪ್ ನೋಡಿದೆ. ಎಲ್ಲಕ್ಕಿಂತ ಸುಲಭ ಇದೇ. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ನಂಬಬಹುದು, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಆ್ಯಪ್ ಒಂದು ಕ್ಷಣ ಹಿಂದೆ ಬೀಳುತ್ತದೆ. ನಮ್ಮ ಮುಳ್ಳು 60 ಅಂದಾಗ ಅದು 66, 67 ತೋರಿಸಿತು.

ಮೈಲಿಗಲ್ಲಿನ ಲೆಕ್ಕ ಹಳೇ ಕಾಲದ್ದು, ಆದರೆ ನನಗೆ ತುಂಬಾ ಹಿಡಿಸಿತು. ಎನ್‌ಎಚ್ 75ರಲ್ಲಿ ಬೆಳಗಿನ ಜಾವ ಹೊರಟೆವು. ನಾನು ಮುಳ್ಳನ್ನು 60ಕ್ಕೆ ಹಿಡಿದೆ, ತಮ್ಮ ಪಕ್ಕದಲ್ಲಿ ಸ್ಟಾಪ್‌ವಾಚ್ ಒತ್ತಿದ. 3600ನ್ನು ಒಂದು ಕಿಲೋಮೀಟರ್‌ಗೆ ಹಿಡಿದ ಸೆಕೆಂಡಿನಿಂದ ಭಾಗಿಸಿದರೆ ವೇಗ ಸಿಗುತ್ತದೆ. 60 ಸೆಕೆಂಡ್ ಅಂದರೆ 60, 72 ಸೆಕೆಂಡ್ ಅಂದರೆ 50. ಒಂದೇ ಕಿಲೋಮೀಟರ್ ನೋಡಿದರೆ ಸಾಲದು, ಬೆರಳು ಒಂದು ಸೆಕೆಂಡ್ ತಡವಾದರೂ ಲೆಕ್ಕದಲ್ಲಿ ಒಂದು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಅದಕ್ಕೇ ಐದು ಕಿಲೋಮೀಟರ್ ಓಡಿಸಿದೆವು. 270 ಸೆಕೆಂಡ್ ಹಿಡಿಯಿತು, ಅಂದರೆ 66.7. ಫೋನ್ ಹೇಳಿದ್ದು ನಿಜ.

ಎರಡೂ ಹೇಳಿದ್ದು ತಪ್ಪು ಎಷ್ಟು ಅಂತ. ತಪ್ಪು ಎಲ್ಲಿ ಅಂತ ಹೇಳಿದ್ದು ಓಡೋಮೀಟರ್, ಅಂದರೆ ಗಾಡಿ ಓಡಿದ ಕಿಲೋಮೀಟರ್ ಎಣಿಸುವ ಅಂಕಿಗಳು. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಹಳೇ ಮೀಟರ್‌ನಲ್ಲಿ ಒಂದೇ ಕೇಬಲ್ ಎರಡು ಕೆಲಸ ಮಾಡುತ್ತದೆ. ಕಿಲೋಮೀಟರ್ ಅಂಕಿಗಳನ್ನು ಹಲ್ಲುಚಕ್ರದಿಂದ ತಿರುಗಿಸುತ್ತದೆ, ಮುಳ್ಳನ್ನು ತಿರುಗುವ ಆಯಸ್ಕಾಂತದಿಂದ ಎಳೆಯುತ್ತದೆ. ಹಲ್ಲುಚಕ್ರ ಜಾರುವುದಿಲ್ಲ. ಆಯಸ್ಕಾಂತ ವರ್ಷ ಕಳೆದಂತೆ ಸೋಲಬಹುದು. ಹಾಗಾಗಿ ಅಂಕಿ ಸರಿಯಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಮೀಟರ್ ಬಿಚ್ಚಬೇಕು. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಟೈರ್ ಅಥವಾ ಗೇರ್‌ಬಾಕ್ಸ್‌ನಲ್ಲಿರುವ ಮೀಟರ್ ಗೇರ್ ನೋಡಬೇಕು.

ಕಲ್ಲಿನ ಲೆಕ್ಕದಲ್ಲಿ 20 ಕಿಲೋಮೀಟರ್ ಹೋದಾಗ ನಮ್ಮ ಓಡೋಮೀಟರ್‌ನಲ್ಲಿ ಬಂದಿದ್ದು 19.2. ಅಂದರೆ ಅಲ್ಲೂ ನೂರಕ್ಕೆ ನಾಲ್ಕು ಕಡಿಮೆ! ಹಿಂದಿನ ಮಾಲೀಕರು 215/75 ಆರ್ 15 ಅಳತೆಯ ಟೈರ್ ಇರಬೇಕಾದ ಜಾಗದಲ್ಲಿ 235/75 ಹಾಕಿದ್ದರು. ಅದರ ವ್ಯಾಸ 30 ಮಿಲಿಮೀಟರ್ ದೊಡ್ಡದು, ಸುಮಾರು ನೂರಕ್ಕೆ ನಾಲ್ಕು. ದೊಡ್ಡ ಟೈರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ, ಮೀಟರ್ ಎಣಿಸುವುದು ಸುತ್ತುಗಳನ್ನು ಮಾತ್ರ. ಲೆಕ್ಕ ಕೂಡಿತು. ಆದರೆ ಟೈರ್ ಒಂದರಿಂದ 60, 66 ಆಗುವುದಿಲ್ಲ. ಉಳಿದದ್ದು ಮುಳ್ಳಿನದೇ ತಪ್ಪು.

ಟೈರ್ ಸವೆದಿದ್ದವು, ಸರಿಯಾದ ಅಳತೆಯವು ಹಾಕಿಸಿದೆ. ಓಡೋಮೀಟರ್ 20ಕ್ಕೆ 20 ಬಂತು. ಅದೇ ಐದು ಕಿಲೋಮೀಟರ್‌ಗೆ 281 ಸೆಕೆಂಡ್, ಅಂದರೆ 64. ಮೀಟರನ್ನು ಬಿಚ್ಚಿ ರಿಪೇರಿಯವರ ಕೈಗೆ ಕೊಟ್ಟಾಗ ಈ ಅಂಕಿಗಳನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಸುಮ್ನೆ "ಸರಿ ಮಾಡಿ" ಅಂದಿದ್ದರೆ ಅವರೂ ಏನು ಮಾಡಲು ಆಗುತ್ತಿತ್ತು, ಅಲ್ವಾ? ವಾಪಸ್ ಹಾಕಿದ ಮೇಲೆ ಮತ್ತೆ ತಮ್ಮನನ್ನು ಕೂರಿಸಿಕೊಂಡು ಅದೇ ಕಲ್ಲುಗಳ ಮಧ್ಯೆ ಓಡಿಸಿದೆ. 302 ಸೆಕೆಂಡ್, ಅಂದರೆ 59.6.

ನಾಲ್ಕು ಪಥದ ಹೆದ್ದಾರಿಯಲ್ಲಿ ಗೂಡ್ಸ್ ಗಾಡಿಗೆ ಕೇಂದ್ರ 2018ರಲ್ಲಿ ಇಟ್ಟ ಮಿತಿ 80. ಮುಳ್ಳು 75 ಅಂತಿದ್ದ ಆ ದಿನಗಳಲ್ಲಿ ನಾನು 83ರಲ್ಲಿದ್ದೆ, ಹಿಂದೆ ಕ್ರೇಟುಗಳ ತುಂಬಾ ಹಣ್ಣು.